ಹೆಗಲು ಮುಟ್ಟಿಕೊಳ್ಳುವ ಭಯ: ಶಂಕಿತ ನಿರಪರಾಧಿ ಮತ್ತು ವಕೀಲರ ನೆರವು

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನಮ್ಮಲ್ಲಿ ಪೊಲೀಸ್ ಠಾಣೆಯ ಬಾಗಿಲವರೆಗೂ ಬರುತ್ತದೆ. ವಿಚಾರಣೆಗೆ ಕರೆ ಬಂದೊಡನೆ ವಕೀಲರನ್ನು ಹುಡುಕಿದರೆ ಹೆಗಲು ಮುಟ್ಟಿಕೊಂಡಂತೆ ಎಂದು ಠಾಣೆಯವರಷ್ಟೇ ಅಲ್ಲ, ಮನೆಯವರೂ ಭಾವಿಸುತ್ತಾರೆ. ತಪ್ಪು ಮಾಡದವರು ಇದ್ದದ್ದನ್ನು ಇದ್ದಹಾಗೆ ಹೇಳಿ ಬಂದರೆ ಸಾಕಲ್ಲವೇ? ಸಾಲದು. ವಕೀಲರ ಅಗತ್ಯ ನಿರಪರಾಧಿಗೇ ಹೆಚ್ಚು, ಅದೂ ಬಂಧನಕ್ಕೆ ಮುಂಚೆ ಎಂಬುದು ಈ ಲೇಖನದ ವಾದ.

ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಬಲವಂತಪಡಿಸಬಾರದೆಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರು ಪೊಲೀಸರ ಲಿಖಿತ ಪ್ರಶ್ನೆಗಳಿಗೆ ಉತ್ತರಿಸಲು ನಿರಾಕರಿಸಿದ ಪ್ರಕರಣದಲ್ಲಿ, 1978ರಲ್ಲಿ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಈ ರಕ್ಷಣೆಯನ್ನು ಠಾಣೆಯ ವಿಚಾರಣೆಗೂ ವಿಸ್ತರಿಸಿತು. ವಕೀಲರು ಜೊತೆಗಿರಲಿ ಎಂದು ಆರೋಪಿ ಬಯಸಿದರೆ ಬೇಡವೆನ್ನಬಾರದೆಂದೂ ಹೇಳಿತು. ಮುಂದೆ ಆ ಬಾಗಿಲು ಕಿರಿದಾಯಿತು. 1996ರ ಡಿ.ಕೆ. ಬಸು ತೀರ್ಪು ವಿಚಾರಣೆಯ ನಡುವೆ ವಕೀಲರನ್ನು ಭೇಟಿಯಾಗಲು ಅವಕಾಶ ಕೊಟ್ಟರೂ, ಪೂರ್ತಿ ಹೊತ್ತು ಅವರು ಜೊತೆಗಿರುವಂತಿಲ್ಲ ಎಂದಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಮು ಅದನ್ನೇ ಉಳಿಸಿಕೊಂಡಿದೆ, ಅದೂ ‘ಬಂಧಿತ’ ವ್ಯಕ್ತಿಗೆ. 35(3)ನೇ ಕಲಮಿನ ನೋಟಿಸ್ ಹಿಡಿದು ತಾನಾಗಿ ಠಾಣೆಗೆ ಹೋದವರು ಬಂಧಿತರಲ್ಲ. 38ನೇ ಕಲಮಿನ ಅಕ್ಷರಗಳಲ್ಲಿ ಅವರಿಗೆ ಜಾಗವಿಲ್ಲ.

ಅಪಾಯವಿರುವುದು ಇಲ್ಲಿಯೇ. ತಪ್ಪು ಮಾಡಿದವನಿಗೆ ಯಾವುದನ್ನು ಮುಚ್ಚಿಡಬೇಕೆಂದು ಗೊತ್ತು; ಮಾಡದವನಿಗೆ ಯಾವ ಮಾತು ಎಲ್ಲಿಗೆ ಹೋಗಿ ನಾಟುತ್ತದೆಂದು ಗೊತ್ತಿಲ್ಲ. ಆರು ತಿಂಗಳ ಹಿಂದಿನ ಸಂಜೆ ಎಲ್ಲಿದ್ದೆ ಎಂದರೆ ನೆನಪಿಲ್ಲವೆನ್ನಲು ಸಂಕೋಚಪಟ್ಟು, ಅಂದಾಜಿನಲ್ಲಿ ಒಂದು ಊರಿನ ಹೆಸರು ಹೇಳುತ್ತಾನೆ. ಮೊಬೈಲ್ ಟವರ್ ಬೇರೊಂದು ಊರು ತೋರಿಸಿದರೆ ಮರೆವು ಸುಳ್ಳಾಗುತ್ತದೆ, ತನಿಖೆ ಅವನ ಸುತ್ತಲೇ ಬಿಗಿಯಾಗುತ್ತದೆ. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಸಹಿ ಪಡೆಯಬಾರದೆಂದು ಸಂಹಿತೆಯ 181ನೇ ಕಲಮು ಹೇಳುತ್ತದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದೂ ಇಲ್ಲ. ಆದರೂ ‘ಸ್ವ-ಇಚ್ಛಾ ಹೇಳಿಕೆ’ ಎಂಬ ಸಹಿ ಮಾಡಿದ ಹಾಳೆ ನಮ್ಮ ದೋಷಾರೋಪ ಪಟ್ಟಿಗಳಲ್ಲಿ ಚಿರಪರಿಚಿತ, ಏಕೆಂದರೆ ಅದರಿಂದ ವಸ್ತುವೊಂದು ಪತ್ತೆಯಾದರೆ ಅಷ್ಟು ಭಾಗಕ್ಕೆ ಕೋರ್ಟಿನಲ್ಲಿ ಬೆಲೆಯುಂಟು. ಇದೆಲ್ಲ ಸಹಿ ಹಾಕುವವನಿಗೆ ಹೇಗೆ ತಿಳಿಯಬೇಕು?

ಕೊಡಗಿನ ಆದಿವಾಸಿಯೊಬ್ಬರು ಹೆಂಡತಿ ಕಾಣೆಯಾಗಿದ್ದಾಳೆಂದು ತಾವೇ ದೂರು ಕೊಟ್ಟಿದ್ದರು. ಕೊನೆಗೆ ಆಕೆಯನ್ನು ಕೊಂದ ಆರೋಪ ಅವರ ಮೇಲೆಯೇ ಬಂದು, ಒಂದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು. 2025ರ ಏಪ್ರಿಲ್‌ನಲ್ಲಿ ಆಕೆ ಮೈಸೂರಿನ ನ್ಯಾಯಾಲಯದ ಮುಂದೆ ಜೀವಂತವಾಗಿ ನಿಂತರು. ಇದನ್ನು ಓದಿದ ಮೇಲೂ ‘ತಪ್ಪು ಮಾಡದವರಿಗೆ ಭಯವೇಕೆ’ ಎನ್ನಲು ನನಗೆ ಬಾಯಿ ಬರುವುದಿಲ್ಲ.

ವಕೀಲರೆಂದರೆ ಬಾಯಿ ಮುಚ್ಚಿಸುವವರಷ್ಟೇ ಅಲ್ಲ. ಕರೆದಿರುವುದು ಸಾಕ್ಷಿಯಾಗಿಯೋ ಶಂಕಿತನಾಗಿಯೋ ಎಂದು ನೋಟಿಸ್ ಓದಿ ತಿಳಿಸುತ್ತಾರೆ. ನೋಟಿಸಿಗೆ ಹೋಗದಿದ್ದರೆ ಅದೇ ಬಂಧನಕ್ಕೆ ಕಾರಣವಾಗಬಹುದೆಂದು ಎಚ್ಚರಿಸುತ್ತಾರೆ. ಬೇಕಾದರೆ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕುತ್ತಾರೆ. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು, ಸುಳ್ಳು ಪತ್ತೆ ಪರೀಕ್ಷೆಗೆ ಒಪ್ಪುವ ಮುನ್ನ ವಕೀಲರ ನೆರವು ಸಿಗಬೇಕೆಂಬ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಒಪ್ಪಿಗೆ ಎಂಬ ಮಾತಿಗೆ ತಿಳಿವಳಿಕೆಯಿಲ್ಲದೆ ಅರ್ಥವಿಲ್ಲವೆಂಬುದನ್ನು ಕೋರ್ಟು ಅಲ್ಲಿ ಗುರುತಿಸಿತು. ನೋಟಿಸಿನ ಮೇಲೆ ಬಂದವನ ಮಾತಿಗೂ ಅದೇ ಅಳತೆ ಏಕಿರಬಾರದು?

ಇನ್ನು ಫೀಸಿನ ಪ್ರಶ್ನೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಭಿರಕ್ಷೆಯಲ್ಲಿರುವವರಿಗೆ, ಆದಾಯ ಕಡಿಮೆಯಿರುವವರಿಗೆ ಉಚಿತ ನೆರವು ಕೊಡುತ್ತದೆ. 15100 ಸಹಾಯವಾಣಿಯೂ ಇದೆ. ಆದರೆ 2012ರ ಕಸಬ್ ತೀರ್ಪಿನ ಪ್ರಕಾರ, ಕೇಳದಿದ್ದವರಿಗೂ ವಕೀಲರನ್ನು ಒದಗಿಸುವ ಹೊಣೆ ಹುಟ್ಟುವುದು ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಸಲ ಹಾಜರುಪಡಿಸಿದಾಗ. ಅಷ್ಟರಲ್ಲಿ ಠಾಣೆಯ ಪ್ರಶ್ನೆಗಳು ಮುಗಿದು, ಹಾಳೆಗೆ ಸಹಿ ಬಿದ್ದಿರಬಹುದು.