ಎರಡಕ್ಷರದಲ್ಲಿ ಹಲವು ಅರ್ಥ

‘ಸಿಪಾಯಿ ಹಾರಿಸುವುದು, ಸಂಜೆ ಕೆಲವರು ಹಾಕುವುದು.’ ಎರಡಕ್ಷರ. ಉತ್ತರ: ಗುಂಡು. ‘ಹಲಸೂರಿನಲ್ಲಿ ನೀರು ನಿಂತಿರುವ ತಾಣ, ತುರಿಕೆಯಾದರೆ ಹೀಗೆ ಮಾಡು.’ ಇದಕ್ಕೂ ಎರಡೇ ಅಕ್ಷರ. ಉತ್ತರ: ಕೆರೆ. ಪದಬಂಧ ಬಿಡಿಸುವವರನ್ನು ಹೆಚ್ಚು ಕಾಡುವುದು ಉದ್ದನೆಯ ಪದಗಳಲ್ಲ, ಇಂತಹ ಪುಟ್ಟ ಪದಗಳು.

ಪದಬಂಧ ಪಶ್ಚಿಮದಿಂದ ಬಂದ ಆಟ. ಆರ್ಥರ್ ವಿನ್ ಎಂಬ ಪತ್ರಕರ್ತ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಅದನ್ನು ಮೊದಲು ಪ್ರಕಟಿಸಿದರು. ಬ್ರಿಟಿಷ್ ಪತ್ರಿಕೆಗಳು ಅದಕ್ಕೆ ದ್ವಂದ್ವಾರ್ಥದ ಒಗಟಿನ ರೂಪ ಕೊಟ್ಟವು. ಇಂಗ್ಲಿಷಿನ ‘ಪೋಸ್ಟ್’ ಅಂಚೆಯೂ ಹೌದು, ಹುದ್ದೆಯೂ ಹೌದು, ಕಂಬವೂ ಹೌದು, ಸೈನಿಕರ ಕಾವಲು ಠಾಣೆಯೂ ಹೌದು. 1809ರಲ್ಲಿ ನೆಲೆಯೂರಿದ ಬೆಂಗಳೂರಿನ ದಂಡು ಪ್ರದೇಶದಲ್ಲಿ ಈ ನಾಲ್ಕಕ್ಕೂ ಕೊರತೆಯಿರಲಿಲ್ಲ.

ಆಟ ಹೊರಗಿನದಾದರೂ ಅದಕ್ಕೆ ಬೇಕಾದ ಸಾಮಗ್ರಿ ಕನ್ನಡಕ್ಕೆ ಹೊಸತಲ್ಲ. ಸಂಸ್ಕೃತದ ‘ಅಮರಕೋಶ’ದಲ್ಲಿ ಹಲವು ಅರ್ಥಗಳ ಪದಗಳಿಗೆಂದೇ ‘ನಾನಾರ್ಥ ವರ್ಗ’ ಎಂಬ ಭಾಗವಿದೆ. ಕನ್ನಡದಲ್ಲಿ ಮಂಗರಾಜನ ನಿಘಂಟು 1398ರದು. ದೇವೋತ್ತಮನ ‘ನಾನಾರ್ಥ ರತ್ನಾಕರ’ ಸುಮಾರು 1600ರ ಹೊತ್ತಿನದು. ಶ್ಲೇಷೆ ಹೆಣೆಯುವ ಕವಿಗೆ ಇವು ಅಗತ್ಯವಾಗಿದ್ದವು. ಕವಿ ಎರಡು ಅರ್ಥಗಳನ್ನೂ ಒಟ್ಟಿಗೆ ಹೊಳೆಯಿಸಬಯಸಿದರೆ, ಪದಬಂಧಕಾರ ಒಂದನ್ನು ತೋರಿಸಿ ಇನ್ನೊಂದನ್ನು ಮರೆಮಾಡುತ್ತಾನೆ.

ಬಿಡಿಸುವ ದಾರಿ ಕಷ್ಟವೇನಲ್ಲ. ‘ಒಂಬತ್ತಾದ ಮೇಲೆ ಏರು’ ಎಂಬ ಸುಳಿವನ್ನೇ ನೋಡಿ. ಒಂದೇ ಉಸಿರಿಗೆ ಓದಿದರೆ ಅದು ಗಡಿಯಾರದ ಮಾತಿನಂತೆ ಕಾಣುತ್ತದೆ. ‘ಒಂಬತ್ತಾದ ಮೇಲೆ’ ಎಂಬಲ್ಲಿಗೆ ತುಂಡರಿಸಿದರೆ ಉತ್ತರ ತಾನಾಗಿ ಬರುತ್ತದೆ: ಹತ್ತು. ಸಂಖ್ಯೆಯೂ ಅದೇ, ಏರುವ ಕ್ರಿಯೆಯೂ ಅದೇ. ನಾಮಪದವೆಂದು ಕಂಡದ್ದನ್ನು ಕ್ರಿಯಾಪದವಾಗಿ ನೋಡುವುದೇ ಮೊದಲ ಪಾಠ. ಏಳು, ಸೇರು, ಕರಿ ಮುಂತಾದವೂ ಇದೇ ಜಾತಿಯವು. ಕನ್ನಡದಲ್ಲಿ ಒಂದು ಚೌಕಕ್ಕೆ ಕಾಗುಣಿತ, ಒತ್ತು ಸಮೇತ ಇಡೀ ಅಕ್ಷರ ಕೂರುವುದರಿಂದ, ಅಡ್ಡ ಬರುವ ಪದದಿಂದ ಒಂದಕ್ಷರ ಸಿಕ್ಕರೆ ಅರ್ಧ ಉತ್ತರ ಸಿಕ್ಕಂತೆಯೇ.

ನೆರೆಭಾಷೆಯ ಕಿವಿಗೆ ಇದೇ ಪದ ಬೇರೆ ಅರ್ಥ ಕೊಡುವುದೂ ಉಂಟು. ‘ಆರು’ ಕನ್ನಡಿಗರಿಗೆ ಸಂಖ್ಯೆ, ಜೊತೆಗೆ ದೀಪ ನಂದುವ ಕ್ರಿಯೆ. ಹಲಸೂರಿನ ತಮಿಳು ಮನೆಯಲ್ಲಿ ಅದು ಸಂಖ್ಯೆ, ಜೊತೆಗೆ ನದಿ.

ಎಲ್ಲ ಅರ್ಥಗಳೂ ಸಮನಾಗಿ ಬದುಕಿ ಉಳಿದಿಲ್ಲ. ‘ದಮಯಂತಿಗೆ ಸಂದೇಶ ತಂದದ್ದು, ನಮ್ಮ ಮನೆಗೆ ಕಾಗದ ತರುವುದು’ ಎಂಬ ಸುಳಿವಿಗೆ ಉತ್ತರ ‘ಅಂಚೆ’. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಬ್ರಿಟಿಷ್ ಅಂಚೆಯೊಡನೆ ವಿಲೀನವಾಯಿತು, ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು. ಹಂಸವಾದರೋ ಮಾತಿನಿಂದ ಹಾರಿಹೋಗಿ ನಿಘಂಟು ಸೇರಿತು.

ಆ ನಿಘಂಟಿಗೂ ಶ್ರಮ ಸಣ್ಣದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟ ಬಂದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ಅದರ ಪ್ರಧಾನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯ (1913–2021) ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಸಂಶಯಗಳಿಗೂ ಉತ್ತರಿಸಿದರು. ಅವರು ಹುಟ್ಟಿದ ವರ್ಷವೇ ಪದಬಂಧವೂ ಹುಟ್ಟಿದ್ದು ಆಕಸ್ಮಿಕ. ಆದರೆ ಎರಡಕ್ಷರದ ಚೌಕ ತುಂಬಲಾಗದೆ ಓದುಗ ನಿಘಂಟಿನ ಪುಟ ತಿರುವಿದಾಗಲೆಲ್ಲ, ಮರೆತ ಒಂದು ಅರ್ಥ ಮತ್ತೆ ಬಳಕೆಗೆ ಬರುತ್ತದೆ.