ತ್ರಿವೇಣಿ ಅಂದ್ರ ಅನಸೂಯಾ

ಗಂಗಾವತಿಯೊಳಗ ಐವತ್ತು ದಾಟಿದ ಯಾವ ಅಕ್ಕನ್ನ ಕೇಳಿದ್ರೂ, "ತ್ರಿವೇಣಿ? ಅಯ್ಯ, ಶರಪಂಜರ ಬರದಾಕಿ ಅಲ್ಲೇನು" ಅಂತಾರ. ಅದು ಬರಿಯಾಕ ಇಟ್ಟುಕೊಂಡ ಹೆಸರು. ಖರೇ ಹೆಸರು ಅನಸೂಯಾ ಶಂಕರ್. 1928ರಾಗ ಮಂಡ್ಯದಾಗ ಹುಟ್ಟಿದಾಕಿ, ಬಿ.ಎಂ.ಶ್ರೀ ಅವರ ಮನೆತನ. ಮೈಸೂರಿನ ಮಹಾರಾಜ ಕಾಲೇಜಿನಾಗ ಮನಶ್ಶಾಸ್ತ್ರ ಓದಿ ಬಿ.ಎ. ಮುಗಿಸಿದ್ಲು.

ಬ್ಯಾರೆ ಹೆಸರಿನಾಗ ಬರದವರು ಆಕಿ ಒಬ್ಬಾಕೇ ಅಲ್ಲ. 'ಎರಡು ಕನಸು' ಬರದ ವಾಣಿ ಮನಿಯಾಗ ಸುಬ್ಬಮ್ಮ. ಅಶ್ವಿನಿ ಅಂದ್ರ ಕನಕಮ್ಮ. ಮನಿ ಹೆಸರು ಮನಿಗೆ, ಬರಿಯೋ ಹೆಸರು ಓದೋರಿಗೆ. ನನಗಂತೂ ಅದು ಶಾಣ್ಯಾತನ ಅನಸ್ತೈತಿ.

ಮೊದಲ ಕಾದಂಬರಿ 'ಅಪಸ್ವರ' ಬಂದಿದ್ದು 1953ರಾಗ. ಮುಂದ ಹತ್ತು ವರ್ಷದಾಗ 20ರಷ್ಟು ಕಾದಂಬರಿ, 3 ಕಥಾಸಂಕಲನ! ನಮಗ ತಿಂಗಳ ಕಿರಾಣಿ ಚೀಟಿ ಬರದು ಮುಗಿಸೂದ್ರಾಗ ಸಾಕಾಗಿ ಹೋಗ್ತದ.

'ಬರೇ ಪ್ರೀತಿ ಪ್ರೇಮದ ಕಥಿ' ಅಂತ ಮೂಗು ಮುರಿಯೋರು ಆವಾಗೂ ಇದ್ರು, ಈಗೂ ಅದಾರ. 'ಬೆಳ್ಳಿಮೋಡ' ನೋಡ್ರಿ. ಇಂದಿರಾನ್ನ ಮದುವಿ ಆಗ್ತೀನಿ ಅಂದು ಆಕಿ ಅಪ್ಪನ ರೊಕ್ಕದಾಗ ಪರದೇಶಕ್ಕ ಓದಾಕ ಹೋದಾವ, ಆಕಿಗೆ ತಮ್ಮ ಹುಟ್ಟಿ ಆಸ್ತಿ ಕೈ ತಪ್ಪಿತು ಅಂದ ಕೂಡ್ಲೇ ಒಲ್ಲೆ ಅಂತಾನ. ಮುಂದ ಅವನಿಗೇ ಪೆಟ್ಟಾಗಿ ಹಾಸಿಗಿ ಹಿಡದಾಗ ಆರೈಕಿ ಮಾಡಿದಾಕಿ ಇಂದಿರಾನೇ. ಆಮ್ಯಾಲೆ ಮದುವಿ ಆಗೂಣು ಅಂದ್ರ, ಈಗ ಒಲ್ಲೆ ಅನ್ನೂದು ಆಕಿ ಪಾಳಿ. ಇದು ಬರೇ ಪ್ರೇಮದ ಕಥಿ ಏನ್ರಿ?

'ಶರಪಂಜರ'ದ ಕಾವೇರಿಗೆ ಹೆರಿಗಿ ಆದಮ್ಯಾಲೆ ಮನಸ್ಸು ಕೆಡ್ತದ. ಆಸ್ಪತ್ರಿಯಾಗ ವಾಸಿ ಆಗಿ ಬರ್ತಾಳ. ಆಮ್ಯಾಲೆ ಆಕಿ ನಕ್ಕರೂ ಸಂಶಯ, ಸಿಟ್ಟು ಮಾಡಿದ್ರೂ ಸಂಶಯ. ನಮ್ಮ ಓಣ್ಯಾಗೂ ಒಬ್ಬಾಕಿಗೆ ಬಾಣಂತಿ ಸನ್ನಿ ಆಗಿತ್ತು. ಡಾಕ್ಟರು ಗುಣ ಆಗೇತಿ ಅಂದ ಎರಡು ವರ್ಷದ ಮ್ಯಾಲೂ ಆಕಿ ಕೂಸನ್ನ ಎತ್ತಿಕೊಂಡ್ರ ಅತ್ತಿ ಹಿಂದಿಂದ ಹೋಗಿ ನಿಲ್ಲತಿದ್ದಳು. ಆ ಅತ್ತಿ ಕೆಟ್ಟಾಕಿ ಅಲ್ಲ, ಅಂಜಿದಾಕಿ. ಆದ್ರ ಕೂಸಿನ ತಾಯಿ ಅದನ್ನ ದಿನಾ ನೋಡಬೇಕಿತ್ತಲ್ಲ. ಮನಿಯೊಳಗ ಪಿಸುಪಿಸು ಮಾತಾಡೋ ಇದನ್ನ ತ್ರಿವೇಣಿ ಅಚ್ಚಿನಾಗ ಇಟ್ಟು ಬಿಟ್ಲು.

1963ರ ಜುಲೈದಾಗ ಹೆಣ್ಣು ಹಡದು ಹತ್ತು ದಿನಕ್ಕ ಆಕಿನೇ ತೀರಿಕೊಂಡ್ಲು. ಬರೇ 34 ವರ್ಷ. ಪುಟ್ಟಣ್ಣ ಕಣಗಾಲ್ 'ಬೆಳ್ಳಿಮೋಡ' ಸಿನಿಮಾ ಮಾಡಿದ್ದು 1967ಕ್ಕ, 'ಶರಪಂಜರ' 1971ಕ್ಕ. ಎರಡರಾಗೂ ಕಲ್ಪನಾ. ನಮ್ಮವ್ವನ ವಾರಗಿಯವರು ಸೆರಗು ಒದ್ದಿ ಮಾಡಿಕೊಂಡು ಬಂದ ಆ ಸಿನಿಮಾ ಬರದಾಕಿ ನೋಡಲಿಲ್ಲ.