ಕ್ಯಾಮೆರಾಕ್ಕೊಂದು ಪೀಠ

1994ರಲ್ಲಿ ಅಮೆರಿಕದ ಕನೆಕ್ಟಿಕ್ಸ್ ಕಂಪನಿ ತಂದ ‘ಕ್ವಿಕ್‌ಕ್ಯಾಮ್’ ಚೆಂಡಿನಂತೆ ದುಂಡಗಿತ್ತು. ಅದನ್ನು ಕೂರಿಸಲು ಪಿರಮಿಡ್ಡಿನಾಕಾರದ ಪುಟ್ಟ ಪೀಠವಿತ್ತು. ಅಂದಿನ ಡಬ್ಬಿಯಂಥ ಮಾನಿಟರುಗಳ ನೆತ್ತಿ ಅಗಲವಾಗಿದ್ದುದರಿಂದ ಅಷ್ಟು ಸಾಕಾಗುತ್ತಿತ್ತು. 2000ದ ದಶಕದಲ್ಲಿ ತೆಳುಪರದೆಗಳು ಮನೆಮನೆಗೆ ಬಂದ ಮೇಲೆ ಕೂರಲು ಜಾಗವೇ ಇಲ್ಲದಾಯಿತು. ಮುಂದಿನ ತುಟಿ ಪರದೆಯ ಅಂಚನ್ನು ಹಿಡಿದು, ಹಿಂದಿನ ಮಡಚುಗಾಲು ಅದರ ಬೆನ್ನಿಗೆ ಒತ್ತಿಕೊಳ್ಳುವ ಕ್ಲಿಪ್ಪು ಬಳಕೆಗೆ ಬಂದಿತು. ಹಲವು ಕ್ಯಾಮೆರಾಗಳ ಅಡಿಯಲ್ಲಿರುವ ಕಾಲಂಗುಲದ ತಿರುಪಿನ ರಂಧ್ರವಾದರೋ ಛಾಯಾಗ್ರಾಹಕರ ಮುಕ್ಕಾಲಿಯಿಂದ ಬಂದ ಬಳುವಳಿ.

2020ರ ಮಾರ್ಚ್ 25ರ ಲಾಕ್‌ಡೌನ್ ನಮ್ಮ ಬ್ರೂಕ್‌ಫೀಲ್ಡಿನ ಮನೆಗಳನ್ನೇ ಕಚೇರಿಯಾಗಿಸಿತು, ತರಗತಿಯಾಗಿಸಿತು. ಕ್ಯಾಮೆರಾವನ್ನು ಮೇಜಿನ ಮೇಲಿಟ್ಟರೆ ಆಚೆಯವರಿಗೆ ಕಾಣುವುದು ನಮ್ಮ ಗದ್ದ, ತಲೆಯ ಮೇಲಿನ ಫ್ಯಾನು! ಕಣ್ಣಿನ ಮಟ್ಟಕ್ಕೇರಿಸಿದರೆ ಮಾತ್ರ, ಮೇಷ್ಟರು ತನ್ನನ್ನೇ ನೋಡುತ್ತಿದ್ದಾರೆಂದು ವಿದ್ಯಾರ್ಥಿ ನೆಟ್ಟಗೆ ಕೂರುತ್ತಾನೆ. ಕ್ಲಿಪ್ಪು ದೊರೆಯದವರು ದಪ್ಪ ಪುಸ್ತಕಗಳನ್ನೇ ಒಟ್ಟಿದರು. ನಿಘಂಟಿನ ಈ ಉಪಯೋಗವನ್ನು ನಾನು ಯಾವ ತರಗತಿಯಲ್ಲೂ ಹೇಳಿರಲಿಲ್ಲ.